ಪಾರಿಶ್ವಾಡದ ಪುಸ್ತಕದ ಒಂದು ಸಾಲು

ಸಮುದ್ರವನ್ನು ಕಣ್ಣಾರೆ ನೋಡುವ ಮೊದಲೇ ನಾನು ಏಳೆಂಟು ಜನರನ್ನು ಅದರಾಚೆ ಕಳಿಸಿದ್ದೆ. ದೊಡ್ಡ ಮನುಷ್ಯನೆಂದು ತಿಳಿಯಬೇಡಿ. ಬೆಳಗಾವಿಯಲ್ಲಿ ವಾಮನರಾವ್ ವಕೀಲರ ಕಾರಕೂನನಾಗಿದ್ದೆ, ಅಷ್ಟೇ. ಅವರ ವಾಡೆಯ ಮುಂಭಾಗದಲ್ಲಿ ಗಾದಿ ಹಾಸಿಕೊಂಡು, ಮುಂದೆ ಬರೆಯುವ ಡೆಸ್ಕು ಇಟ್ಟುಕೊಂಡು, ಹೊಲದ ತಂಟೆ, ಆಸ್ತಿಯ ವಾಟಣಿ, ದತ್ತಕದ ಕಾಗದ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಆ ಅಕ್ಷರದ ಬಗ್ಗೆ ನನಗೆ ಇದ್ದ ಜಂಬ ಒಳ್ಳೆಯದಲ್ಲ ಎಂದು ತಿಳಿಯುವ ಹೊತ್ತಿಗೆ ಅರ್ಧ ಆಯುಷ್ಯ ಮುಗಿದಿತ್ತು.

ಈಗ ವಕೀಲರ ಕೈಕೆಳಗೆ ಹೊಸದಾಗಿ ಸೇರುತ್ತಿರುವವರು ಕೆಲವೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಹೊಸ ಕಾಯಿದೆ, ಹೊಸ ಫಾರ್ಮುಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಹೇಳಲು ನನ್ನ ಹತ್ತಿರ ಉಳಿದಿರುವುದು ನಾನು ಮಾಡಿದ ತಪ್ಪುಗಳು ಮಾತ್ರ. ಪಗಾರ ಯಾವಾಗ ಏರಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು ಆ ತಪ್ಪುಗಳನ್ನೇ ಬರೆಯುತ್ತೇನೆ.

ವಕೀಲರ ಮೈದುನರೊಬ್ಬರು ಅಮೇರಿಕೆಗೆ ಓದಲು ಹೋಗಿದ್ದರು. ಅವರ ಕಾಗದಪತ್ರಗಳನ್ನು ನಾನೇ ಬರೆದಿದ್ದೆ. ಅಲ್ಲಿಂದ ಸುದ್ದಿ ಹಬ್ಬಿತು. ವಿಲಾಯತಿಗೆ ಹೋಗುವುದು ಆಗ ಅಷ್ಟು ಕಷ್ಟದ್ದಲ್ಲ, ನಮ್ಮದೂ ಅದೂ ಒಂದೇ ದೊರೆಯ ರಾಜ್ಯ. ಅಮೇರಿಕೆಯ ಮಾತೇ ಬೇರೆ. ಅವರು ಹೊಸ ಕಾಯಿದೆ ಮಾಡಿ ನಮ್ಮಂಥವರು ಅಲ್ಲಿ ನೆಲೆಸುವ ಬಾಗಿಲನ್ನು ಮುಚ್ಚಿದ್ದರು. ಓದುವವರಿಗೆ ಮಾತ್ರ ಒಂದು ಕಿಟಕಿ ಬಿಟ್ಟಿದ್ದರು. ಆ ಕಿಟಕಿಯಲ್ಲಿ ತೂರಬೇಕಾದರೆ ಮೊದಲು ಮುಂಬಯಿ ಸರ್ಕಾರದ ಪಾಸ್‌ಪೋರ್ಟು ಬೇಕು. ಅದಕ್ಕೆ ಪೊಲೀಸರ ವಿಚಾರಣೆ ಆಗಬೇಕು. ಆಮೇಲೆ ಮುಂಬಯಿಯಲ್ಲಿದ್ದ ಅಮೇರಿಕೆಯ ಕಾನ್ಸಲ್ ಸಾಹೇಬನ ವೀಸಾ. ಅವನ ಮುಂದೆ ಇಡಬೇಕಾದದ್ದು ಆ ದೇಶದ ಸರ್ಕಾರ ಒಪ್ಪಿದ ವಿಶ್ವವಿದ್ಯಾಲಯದ ಪ್ರವೇಶಪತ್ರ, ಇಲ್ಲಿಯ ಶಾಲೆ ಕಾಲೇಜುಗಳ ದಾಖಲೆ, ಖರ್ಚಿಗೆ ಯಾರು ಹೊಣೆ ಎಂಬ ಕಾಗದ, ನಡತೆಯ ಕಾಗದ, ಜನನದ ದಾಖಲೆಯ ಎರಡು ಪ್ರತಿ, ಬರಿತಲೆಯ ಫೋಟೋ. ಓದು ಮುಗಿದ ಮೇಲೆ ತಿರುಗಿ ಬರುತ್ತೇನೆಂಬ ಮಾತು ಬೇರೆ. ಇದಿಷ್ಟನ್ನೂ ನಾನು ಬಾಯಿಪಾಠ ಮಾಡಿದ್ದೆ.

ಬಾಯಿಪಾಠ ಮಾಡಿದವನು ಹೇಗೆ ಮುಗ್ಗರಿಸುತ್ತಾನೆ ಎಂಬುದಕ್ಕೆ ಮೊದಲನೆಯ ಉದಾಹರಣೆ ಖಾನಾಪುರ ಪೇಟೆಯ ಒಬ್ಬ ತರುಣ. ಅವನ ಕಾಗದಗಳಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಮುಂಬಯಿಯಲ್ಲಿ ವೈದ್ಯರು ಅವನ ಕಣ್ಣಿನ ರೆಪ್ಪೆ ಮೇಲಕ್ಕೆ ತಿರುವಿ ನೋಡಿದರು. ಒಳಗೆ ಕಾಳಿನಷ್ಟು ಸಣ್ಣ ಗುಳ್ಳೆಗಳಿದ್ದವು. ಅದು ಅಂಟುವ ಕಣ್ಣುಬೇನೆ, ಇದ್ದವರನ್ನು ಅಮೇರಿಕೆಯವರು ಇಳಿಯಗೊಡುವುದಿಲ್ಲ ಎಂದು ಹೇಳಿ ಕಳಿಸಿಬಿಟ್ಟರು. ಆ ತರುಣ ಟ್ರಂಕಿನ ಸಮೇತ ನಮ್ಮ ವಾಡೆಯ ಮುಂದೆ ಬಂದು ಇಳಿದ.

"ಕಾಗದ ಎಲ್ಲಾ ನೋಡಿದ್ರಿ, ಕಣ್ಣೊಂದು ನೋಡಲಿಲ್ಲಲ್ರೀ," ಎಂದ.

ಅಂದಿನಿಂದ ಯಾರೇ ಬರಲಿ, ಮೊದಲು ಬೆಳಕಿಗೆ ಕೂರಿಸಿ ಕಣ್ಣು ನೋಡುತ್ತಿದ್ದೆ. ಕಾರಕೂನನಿಗೆ ವೈದ್ಯಗಿರಿಯ ಹುಚ್ಚು ಹಿಡಿದಿದೆ ಎಂದು ಜನ ನಕ್ಕರು. ನಗಲಿ ಎಂದು ಬಿಟ್ಟೆ.

ಎರಡನೆಯದು ಇನ್ನೂ ನಾಚಿಕೆಯದು. ನಮ್ಮ ಕಡೆಯ ಅರ್ಜಿಗಳ ಕೊನೆಯಲ್ಲಿ ಒಂದು ವಿನಯದ ಒಕ್ಕಣೆ ಇರುತ್ತಿತ್ತು, ನಿಮ್ಮ ಕೃಪೆಯ ನೆರಳಲ್ಲೇ ಬದುಕಿರುವ ತನಕ ಸೇವೆ ಮಾಡಿಕೊಂಡಿರುತ್ತೇನೆ ಎಂದು. ಮಾಮಲೇದಾರರಿಗೂ ಅದೇ, ಕಲೆಕ್ಟರರಿಗೂ ಅದೇ. ಯಾರೂ ಅದನ್ನು ಓದುತ್ತಿರಲಿಲ್ಲ. ಕೈ ರೂಢಿಯ ಮೇಲೆ ಒಬ್ಬನ ವೀಸಾ ಅರ್ಜಿಗೂ ಅದನ್ನೇ ಇಂಗ್ಲಿಷಿನಲ್ಲಿ ಸೇರಿಸಿದೆ. ಕಾನ್ಸಲ್ ಸಾಹೇಬ ಪಾಪ ಪೂರ್ತಿ ಓದಿದ. ಬದುಕಿರುವ ತನಕ ನಮ್ಮ ದೇಶದಲ್ಲೇ ಇರುವ ವಿಚಾರವೇ ಎಂದು ಕೇಳಿ, ತಿರುಗಿ ಬರುವ ಬಗ್ಗೆ ಬೇರೆ ಪುರಾವೆ ತರಲು ಹೇಳಿದ. ವಾಮನರಾಯರು ಆ ಅರ್ಜಿಯ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಚನಬಸೂ, ನೀ ಅವನ್ನ ಆ ಸಾಹೇಬನ ಮನೀಗೆ ದತ್ತಕ ಕೊಟ್ಟಿದ್ದೀಯಲ್ಲೋ!" ಎಂದರು.

ಜನ ನಕ್ಕ ತಪ್ಪುಗಳು ಹೀಗೆ. ಯಾರೂ ನಗದಿದ್ದ ತಪ್ಪು ದೇವಪ್ಪನದು. ಅವನದು ಎಂದೆನೇ? ಅಲ್ಲ, ನನ್ನದು.

ದೇವಪ್ಪ ಖಾನಾಪುರ ತಾಲೂಕಿನ ಪಾರಿಶ್ವಾಡದವನು, ಜೈನರ ಪೈಕಿ. ತಂದೆ ಭರಮಪ್ಪ ಒಳ್ಳೆಯ ರೈತ. ದೇವಪ್ಪ ಪುಣೆಯಲ್ಲಿ ಒಕ್ಕಲುತನದ ಪದವಿ ಮುಗಿಸಿ, ಅಮೇರಿಕೆಯ ಒಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪರೀಕ್ಷೆ ಕಲಿಯಲು ಪ್ರವೇಶ ಸಂಪಾದಿಸಿದ್ದ. ಉಳುವುದನ್ನು ಕಲಿಯಲು ಏಳು ಸಮುದ್ರ ದಾಟಬೇಕೇ ಎಂದು ಊರವರು ತಮಾಷೆ ಮಾಡುತ್ತಿದ್ದರಂತೆ. ಅವನು ನಗುತ್ತಲೇ ಉತ್ತರ ಕೊಡುತ್ತಿದ್ದ, ಆದರೆ ಪ್ರವೇಶಪತ್ರವನ್ನು ಮಾತ್ರ ಅಂಗಿಯ ಒಳಜೇಬಿನಿಂದ ತೆಗೆಯುತ್ತಿರಲಿಲ್ಲ. ನವರಾತ್ರಿಗೂ ಮುಂಚೆ ಅಲ್ಲಿ ಪಾಠ ಶುರುವಾಗುತ್ತಿತ್ತು. ಆ ವರ್ಷ ತಪ್ಪಿದರೆ ಜಾಗ ಇನ್ನೊಬ್ಬರ ಪಾಲು ಎಂದು ಪತ್ರದಲ್ಲೇ ಬರೆದಿತ್ತು.

ಜನನದ ದಾಖಲೆ ತರಿಸುವುದು ನನ್ನ ಕೆಲಸ. ಆಗ ಹಳ್ಳಿಯಲ್ಲಿ ಮಗು ಹುಟ್ಟಿದರೆ ಊರಿನ ಪೊಲೀಸ್ ಪಾಟೀಲರು ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಿದ್ದರು. ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ, ತಾರೀಖು. ಮಗುವಿನ ಹೆಸರು ಇರುತ್ತಿರಲಿಲ್ಲ, ಏಕೆಂದರೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಬರೆಸಿಬಿಡುತ್ತಿದ್ದರು. ನಾನು ಪಾರಿಶ್ವಾಡದ ಪುಸ್ತಕ ಹುಡುಕಿಸಿದೆ. ಭರಮಪ್ಪನಿಗೆ ಹುಟ್ಟಿದ ಗಂಡು ಒಂದೇ ಒಂದು ಸಿಕ್ಕಿತು. ಶ್ರಾವಣ ಮಾಸ. ಶಾಲೆಯಲ್ಲಿ ಬರೆಸಿದ್ದ ತಾರೀಖಿಗಿಂತ ಅದು ಎರಡು ವರ್ಷಕ್ಕೂ ಹೆಚ್ಚು ಈಚಿನದು. ನಾನು ಕೂದಲೆಳೆಯಷ್ಟೂ ಅನುಮಾನ ಪಡಲಿಲ್ಲ. ಶಾಲೆಯ ಮಾಸ್ತರರು ಮಕ್ಕಳ ಎತ್ತರ ನೋಡಿ ಜೂನ್ ಒಂದು ಎಂದು ಬರೆದುಬಿಡುವ ಕಾಲ ಅದು. ಅರ್ಧ ತಾಲೂಕೇ ಜೂನ್ ಒಂದಕ್ಕೆ ಹುಟ್ಟಿದೆ ಎಂದು ನಾನೇ ಚೇಷ್ಟೆ ಮಾಡುತ್ತಿದ್ದೆ.

"ಸರ್ಕಾರದ ಪುಸ್ತಕದಾಗ ಇದ್ದದ್ದ ಖರೇ," ಎಂದು ದೇವಪ್ಪನಿಗೆ ಹೇಳಿದೆ. ಅವನು ಒಪ್ಪಿದ. ಭರಮಪ್ಪ ಒಂದು ದಿನ ಬೆಳಗಾವಿಗೆ ಬಂದು, ಆ ತಾರೀಖು ಮಗನದೇ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಕಾಗದದ ಮೇಲೆ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಮರಾಠಿಯ ಮೋಡಿ ಲಿಪಿಯಲ್ಲಿ ಸಹಿ ಮಾಡಿ ಹೋದ. ವಾಮನರಾಯರದೊಂದು ಕಟ್ಟಳೆ ಇತ್ತು. ಸಹಿ ಹಾಕಿಸುವ ಮೊದಲು ಪ್ರತಿ ಕಾಗದವನ್ನೂ ಕನ್ನಡದಲ್ಲೋ ಮರಾಠಿಯಲ್ಲೋ ಪಕ್ಷಕಾರನಿಗೆ ಓದಿ ಹೇಳಬೇಕು. ಅಂದು ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ಓದಿ ಹೇಳಲಿಲ್ಲ.

ಪಾಸ್‌ಪೋರ್ಟು ಬಂತು. ದೇವಪ್ಪ ಮುಂಬಯಿಗೆ ಹೋದ. ಕಾನ್ಸಲ್ ಸಾಹೇಬ ಪಾಸ್‌ಪೋರ್ಟಿನ ತಾರೀಖನ್ನೂ ಮ್ಯಾಟ್ರಿಕ್ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದ. ಹಾಗಾದರೆ ನೀನು ಹದಿನಾಲ್ಕು ತುಂಬುವ ಮೊದಲೇ ಮ್ಯಾಟ್ರಿಕ್ ಮುಗಿಸಿದ್ದೀಯಾ ಎಂದು ಕೇಳಿದನಂತೆ. ಒಂದೋ ಶಾಲೆಯ ಕಾಗದ ಬೇರೆಯವರದು, ಇಲ್ಲವೇ ಜನನದ ಕಾಗದ ಬೇರೆಯವರದು, ತಂದೆಯಿಂದ ಪ್ರಮಾಣ ಮಾಡಿಸಿದ ವಿವರಣೆ ತೆಗೆದುಕೊಂಡು ಬಾ ಎಂದು ಕಳಿಸಿದ. ಹಡಗಿಗೆ ಎರಡೇ ವಾರ ಉಳಿದಿದ್ದವು.

ವಾಮನರಾಯರು ಕಾಗದ ನೋಡಿ, "ಶಾಲೀ ತಾರೀಖು ತಪ್ಪು ಅಂತ ತಂದೆಯಿಂದ ಒಂದು ಪ್ರತಿಜ್ಞಾಪತ್ರ ಮಾಡಿಸಿಕೊಂಡು ಬಾ. ಈ ಸಲ ಅವರ ಮನಿಗೇ ಹೋಗಿ, ಓದಿ ಹೇಳಿ ಸಹಿ ತಗೋ," ಎಂದರು. ಮೊದಲ ಸಲ ಓದಿ ಹೇಳಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ದೇವಪ್ಪನೂ ನಾನೂ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಚಕ್ಕಡಿ ಮಾಡಿಕೊಂಡು ಪಾರಿಶ್ವಾಡ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. "ಮೊದಲ ಉಣ್ಣಾಕ ಕುಂದರ್ರಿ, ಕಾಗದ ಎಲ್ಲೂ ಓಡಿ ಹೋಗೂದಿಲ್ಲ," ಎಂದು ಭರಮಪ್ಪ ಅವಸರ ಮಾಡಿದ. ಉಂಡು ಪಡಸಾಲೆಯಲ್ಲಿ ಕೂತೆವು. ಇನ್ನೂ ಬೆಳಕಿತ್ತು. ಒಳಗಿನ ಬಾಗಿಲ ಹತ್ತಿರ ದೇವಪ್ಪನ ತಾಯಿ ಪದ್ಮವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

ನಾನು ಗಂಟಲು ಸರಿಮಾಡಿಕೊಂಡು ಓದಿದೆ. ನನ್ನ ಮಗ ದೇವಪ್ಪನು ಪಾರಿಶ್ವಾಡದ ನನ್ನ ಮನೆಯಲ್ಲಿ ಇಂಥ ವರ್ಷದ ಶ್ರಾವಣ ಮಾಸದಲ್ಲಿ ಜನಿಸಿದ್ದು ನಿಜವಾಗಿರುತ್ತದೆ. ಅಷ್ಟರಲ್ಲಿ ಮೊರದ ಸದ್ದು ನಿಂತಿತು.

"ಯಾವ ಶ್ರಾವಣ ಅಂದ್ರಿ ಅಣ್ಣಾರ?"

ನಾನು ಮತ್ತೊಮ್ಮೆ ಓದಿದೆ.

"ಅದು ದೇವೂನ ಹುಟ್ಟಿದ ದಿನ ಅಲ್ರೀ. ಅದು ನಮ್ಮ ಶಾಂತೂಂದು."

ಭರಮಪ್ಪ ನೆಲ ನೋಡಿದ. "ಈಗ ಅದನ್ಯಾಕ ತಗೀತಿ?" ಎಂದ.

"ನಾ ತಗೀಲಿಲ್ಲ. ಅವರ ತಗದು ಓದಿದ್ರು." ಪದ್ಮವ್ವ ನನ್ನ ಕಡೆ ತಿರುಗಿದರು. "ದೇವೂನ್ನ ಹಡದಿದ್ದು ಬೀಡಿ ಊರಾಗ, ನಮ್ಮ ಅಪ್ಪನ ಮನ್ಯಾಗ. ಮಾಘ ಮಾಸ, ಕುಸುಬಿ ಕೀಳೂ ಹೊತ್ತು. ಚೊಚ್ಚಲ ಬಾಣಂತನ ಯಾರರ ಗಂಡನ ಮನ್ಯಾಗ ಮಾಡ್ತಾರೇನ್ರೀ? ನೀವು ಹುಟ್ಟಿದ್ದೆಲ್ಲಿ?"

ನಾನು ಹುಟ್ಟಿದ್ದು ನನ್ನ ತಾಯಿಯ ತವರಿನಲ್ಲಿ. ನನ್ನ ಹೆಂಡತಿ ಹುಟ್ಟಿದ್ದು ಅವಳ ತಾಯಿಯ ತವರಿನಲ್ಲಿ. ನನ್ನ ಹಿರಿಯ ಮಗಳು ಹುಟ್ಟಿದಾಗ ಬುತ್ತಿ ಹೊತ್ತುಕೊಂಡು ಮಾವನ ಮನೆಗೆ ಹೋದವನು ನಾನೇ. ಆದರೂ ಡೆಸ್ಕಿನ ಮುಂದೆ ಕೂತು ದಾಖಲೆ ತರಿಸುವಾಗ ತಂದೆಯ ಊರು ಬಿಟ್ಟು ಬೇರೆ ಊರು ನನಗೆ ಹೊಳೆಯಲಿಲ್ಲ.

"ಎರಡನೇದ್ದು ಇಲ್ಲೇ ಆತು," ಎಂದರು ಪದ್ಮವ್ವ. "ಹನ್ನೊಂದು ತಿಂಗಳ ಇದ್ದ. ಮೈಲಿ ಬ್ಯಾನಿ ಬಂತು."

ದೇವಪ್ಪ ತಾಯಿಯ ಮುಖವನ್ನೇ ನೋಡುತ್ತಿದ್ದ. "ನನಗ ತಮ್ಮ ಇದ್ನೇನವ್ವಾ?"

ಆ ಮನೆಯಲ್ಲಿ ಇಷ್ಟು ವರ್ಷ ಯಾರೂ ಆ ಹೆಸರು ಎತ್ತಿರಲಿಲ್ಲ. ಎತ್ತಿದರೆ ಪದ್ಮವ್ವ ತಡೆಯಲಾರರು ಎಂದು ಗಂಡಸರು ತಿಳಿದಿದ್ದರು. ಯಾರಾದರೂ ಎತ್ತಲಿ ಎಂದು ಅವರು ಕಾದಿದ್ದರೋ ಏನೋ, ಅದನ್ನು ಕೇಳುವವರಿರಲಿಲ್ಲ.

ಭರಮಪ್ಪನೇ ಮೊದಲು ಚೇತರಿಸಿಕೊಂಡ. "ಆದದ್ದಾತು. ಈಗ ಮತ್ತ ಬೀಡಿಗೆ ಹೋಗಿ, ಪುಸ್ತಕ ಹುಡುಕಿ, ಪಾಸ್‌ಪೋರ್ಟ ತಿದ್ದಿಸೂದಂದ್ರ ಹಡಗ ತಪ್ಪತೈತಿ. ತಾರೀಖ ಯಾವುದಾದ್ರೇನು? ಹುಡುಗ ಹೋಗೂದು ಮುಖ್ಯ. ತರ್ರಿ ಇಲ್ಲಿ, ಸಹಿ ಮಾಡ್ತೀನಿ."

ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಬೇಕಾಗಿತ್ತು. ಅವನು ಸಹಿ ಮಾಡಿದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ನಾನು ಲೇಖಣಿಯನ್ನು ಮಸಿಯಲ್ಲಿ ಅದ್ದಿ ಅವನ ಕೈಗೆ ಕೊಟ್ಟೇಬಿಟ್ಟೆ.

"ನನ್ನ ಸಹಿ ಯಾರೂ ಕೇಳಂಗಿಲ್ಲ, ಗೊತ್ತೈತಿ," ಎಂದರು ಪದ್ಮವ್ವ. ದನಿ ಏರಿಸಲಿಲ್ಲ. "ಆದ್ರೂ ಹೇಳ್ತೀನಿ. ಇವಂಗ ಸಾಲಿ ಸರ್ಟಿಫಿಕೇಟ ಐತಿ, ಫೋಟೋ ಐತಿ, ಪಾಸ್‌ಪೋರ್ಟ ಐತಿ. ಅವಂಗ ಏನೈತಿ? ಊರ ಪುಸ್ತಕದಾಗ ಒಂದ ಸಾಲ ಐತಿ ಅಂತ ಇವತ್ತ ನಿಮ್ಮಿಂದ ತಿಳೀತು. ಅದನ್ನೂ ಕಸಗೊಂಡು ಇವಂಗ ಕೊಟ್ರ, ನಾ ಅವನ್ನ ಹಡದ ಇಲ್ಲ ಅಂದಂಗಾತಲ್ರೀ."

ದೇವಪ್ಪ ಎದ್ದು ತಂದೆಯ ಕೈಯಿಂದ ಲೇಖಣಿ ತೆಗೆದುಕೊಂಡು ನನ್ನ ಮುಂದೆ ಇಟ್ಟ. "ಮುಂಜಾನೆ ಬೀಡಿಗೆ ಹೋಗೂಣು ನಡೀರಿ," ಎಂದ. ಅವನ ಕೈ ಒಮ್ಮೆ ತನ್ನ ಒಳಜೇಬನ್ನು ಮುಟ್ಟಿಕೊಂಡಿತು. ಅವನು ಪಣಕ್ಕಿಟ್ಟದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೀಡಿಯಲ್ಲಿ ಪದ್ಮವ್ವನ ಅಣ್ಣ ನಮ್ಮನ್ನು ಪಾಟೀಲರ ಮನೆಗೆ ಕರೆದುಕೊಂಡು ಹೋದರು. ಹಳೆಯ ಪುಸ್ತಕ ತೆಗೆಸಿ, ಮೋಡಿ ಅಕ್ಷರದ ಮೇಲೆ ಬೆರಳಾಡಿಸುತ್ತ ಹೋದೆ. ಮಾಘ ಮಾಸದಲ್ಲಿ ಸಿಕ್ಕಿತು. ಪಾರಿಶ್ವಾಡದ ಭರಮಪ್ಪನ ಹೆಂಡತಿ, ತಂದೆಯ ಮನೆಯಲ್ಲಿ, ಗಂಡು. ಶಾಲೆಯ ತಾರೀಖಿಗೂ ಇದಕ್ಕೂ ನಾಲ್ಕು ತಿಂಗಳ ವ್ಯತ್ಯಾಸ. ನಾನು ಚೇಷ್ಟೆ ಮಾಡುತ್ತಿದ್ದ ಮಾಸ್ತರರು ನನಗಿಂತ ಎಷ್ಟೋ ವಾಸಿ. ದಾರಿಯಲ್ಲಿ ಪಾರಿಶ್ವಾಡದ ಮರಣದ ಪುಟವನ್ನೂ ನೋಡಿ ಬಂದೆ. ಭರಮಪ್ಪನ ಮಗ, ಹನ್ನೊಂದು ತಿಂಗಳು, ಸಿಡುಬು. ಅಲ್ಲಿಯೂ ಹೆಸರಿರಲಿಲ್ಲ. ಇದನ್ನು ಪದ್ಮವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ವಾಮನರಾಯರ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಅವರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಮೊದಲನೇ ಕಾಗದಾ ಓದಿ ಹೇಳಿದ್ಯೋ ಇಲ್ಲೋ?"

"ಇಲ್ರಿ."

"ಹಂಗಾರ ಅದನ್ನೂ ಬರಿ. ತಪ್ಪು ನಮ್ಮ ಕಾರಕೂನಂದು, ಹುಡುಗಂದಲ್ಲ ಅಂತ. ನಿನ್ನ ಕೈಲೇ ಬರಿ."

ಬರೆದೆ. ನನ್ನ ಅವಮಾನವನ್ನು ನನ್ನದೇ ದುಂಡು ಅಕ್ಷರದಲ್ಲಿ ಮೂರು ಪ್ರತಿ ತೆಗೆದೆ. ರಾಯರು ಅದರ ಕೆಳಗೆ ತಮ್ಮ ಸಹಿ ಹಾಕಿದರು. ಮಾತಿನಲ್ಲಿ ಎಂದೂ ಮೆತ್ತಗಾಗದ ಮನುಷ್ಯ ಕಾಗದದ ಮೇಲೆ ನನ್ನ ಪಕ್ಕದಲ್ಲೇ ನಿಂತರು. ಆಮೇಲೆ ಇನ್ನೊಂದು ಮಾತು ಹೇಳಿದರು: "ತಂದೆಯ ಪ್ರತಿಜ್ಞಾಪತ್ರ ಇರಲಿ. ಎಲ್ಲಿ ಹುಟ್ಟಿದಾ, ಯಾವಾಗ ಹುಟ್ಟಿದಾ ಅನ್ನೂದಕ್ಕ ಹಡದಾಕಿಗಿಂತ ದೊಡ್ಡ ಸಾಕ್ಷಿ ಯಾರು? ಆಕೀನ್ನ ಕರಕೊಂಡು ಬಾ."

ಪದ್ಮವ್ವ ಬೆಳಗಾವಿಗೆ ಬಂದರು. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡುವ ಮೊದಲು ನಾನು ಕಾಗದವನ್ನು ಕನ್ನಡದಲ್ಲಿ ಓದಿದೆ. ನನಗೆ ಇಬ್ಬರು ಗಂಡು ಮಕ್ಕಳು. ಹಿರಿಯವನು ದೇವಪ್ಪ, ಬೀಡಿಯಲ್ಲಿ ನನ್ನ ತಂದೆಯ ಮನೆಯಲ್ಲಿ ಮಾಘ ಮಾಸದಲ್ಲಿ ಹುಟ್ಟಿದವನು. ಕಿರಿಯವನು ಶಾಂತಿನಾಥ, ಪಾರಿಶ್ವಾಡದಲ್ಲಿ ಶ್ರಾವಣ ಮಾಸದಲ್ಲಿ ಹುಟ್ಟಿ, ಹನ್ನೊಂದು ತಿಂಗಳಿಗೆ ತೀರಿಕೊಂಡವನು.

"ಸಣ್ಣಾವನ ಸಾಲ ಇನ್ನೊಮ್ಮೆ ಓದ್ರಿ," ಎಂದರು.

ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದರು.

ರಾಯರು ವಿಶ್ವವಿದ್ಯಾಲಯಕ್ಕೆ ತಂತಿ ಕಳಿಸಿದರು. ಮೂರು ವಾರ ತಡವಾಗಿ ಬಂದರೆ ನಡೆಯುತ್ತದೆ, ಅದಕ್ಕಿಂತ ಆಚೆ ಇಲ್ಲ ಎಂದು ಉತ್ತರ ಬಂತು. ಕಾಯ್ದಿರಿಸಿದ ಹಡಗು ಅವನನ್ನು ಬಿಟ್ಟು ಹೋಯಿತು. ಪಾಸ್‌ಪೋರ್ಟು ತಿದ್ದಿಸಿಕೊಂಡು ಕಾನ್ಸಲ್ ಸಾಹೇಬನ ಮುಂದೆ ನಿಲ್ಲಲು ದೇವಪ್ಪನ ಜೊತೆ ಈ ಸಲ ನನ್ನನ್ನೂ ಕಳಿಸಿದರು. ಸಾಹೇಬ ಎರಡು ಊರಿನ ಎರಡು ದಾಖಲೆ ನೋಡಿ ಹುಬ್ಬು ಗಂಟಿಕ್ಕಿದ. ಮದುವೆಯಾದ ಹೆಂಗಸು ಮೊದಲ ಹೆರಿಗೆಗೆ ಗಂಡನ ಮನೆ ಬಿಟ್ಟು ಏಕೆ ಹೋದಳು, ಜಗಳವಾಗಿತ್ತೇ ಎಂದು ಕೇಳಿದ. ನಮ್ಮಲ್ಲಿ ಪದ್ಧತಿಯೇ ಹಾಗೆ ಎಂದು ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದೆ. ಅಲ್ಲಿ ಗುಮಾಸ್ತನಾಗಿದ್ದ ಒಬ್ಬ ಪಾರ್ಸಿ ಮುದುಕ ನಕ್ಕು, ಸಾಹೇಬನಿಗೆ ಏನೋ ವಿವರಿಸಿದ. ತನ್ನ ಮಗಳೂ ಈಗ ಅದಕ್ಕೇ ತನ್ನ ಮನೆಯಲ್ಲಿದ್ದಾಳೆ ಎಂದು ಹೇಳಿದನಂತೆ. ಸಾಹೇಬ ಪದ್ಮವ್ವನ ಕಾಗದವನ್ನು ನಿಧಾನವಾಗಿ ಓದಿದ. ಶಾಂತಿನಾಥನ ಸಾಲಿನ ಹತ್ತಿರ ಸ್ವಲ್ಪ ತಡೆದ. ಆಮೇಲೆ ಮುದ್ರೆ ಒತ್ತಿದ.

ಮೂರು ದಿನದ ಮೇಲೆ ದೇವಪ್ಪ ಹಡಗು ಹತ್ತಿದ. ನಾನು ಸಮುದ್ರ ನೋಡಿದ್ದು ಅಂದೇ. ಅವನು ಮೂರು ವರ್ಷ ಓದಿ, ಕೊಟ್ಟ ಮಾತಿನಂತೆ ತಿರುಗಿ ಬಂದು, ಜೀವಮಾನವೆಲ್ಲ ನಮ್ಮ ಕಡೆಯ ರೈತರ ಹೊಲದ ಮಣ್ಣು ಮೂಸಿ ನೋಡುತ್ತಲೇ ಕಳೆದ.

ಆಮೇಲೆ ವಾಡೆಗೆ ಟೈಪ್‌ರೈಟರ್ ಬಂತು, ನನ್ನ ದುಂಡು ಅಕ್ಷರಕ್ಕೆ ಕೆಲಸವಿಲ್ಲದಾಯಿತು. ನನಗೆ ಬೇಸರವಾಗಲಿಲ್ಲ. ನನ್ನ ಪಟ್ಟಿಯಲ್ಲಿ ಒಂದು ಪ್ರಶ್ನೆ ಮಾತ್ರ ಹೊಸದಾಗಿ ಸೇರಿತ್ತು, ತಾಯಿಯ ತವರು ಯಾವುದು ಎಂದು. ಕಾಗದವನ್ನು ಮನೆಯ ಹೆಂಗಸರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುವುದನ್ನೂ ಕಡೆಯತನಕ ಬಿಡಲಿಲ್ಲ. ಹೊಸಬರು ಬೇರೇನು ಮರೆತರೂ ಇವೆರಡನ್ನು ಮರೆಯಬಾರದು.

ಹಡಗು ಹೊರಟ ಮೇಲೆ ಬಂದು ಹೇಳಿ ಹೋಗಿರೆಂದು ಪದ್ಮವ್ವ ನನಗೆ ಹೇಳಿದ್ದರು. ಮುಂಬಯಿಯಿಂದ ಬಂದ ವಾರದಲ್ಲೇ ಪಾರಿಶ್ವಾಡಕ್ಕೆ ಹೋದೆ. ಅವನು ಯಾವ ಅಂಗಿ ತೊಟ್ಟಿದ್ದ, ಹಡಗು ಎಷ್ಟು ದೊಡ್ಡದಿತ್ತು, ಅಲ್ಲಿ ಊಟಕ್ಕೆ ಏನು ಮಾಡುತ್ತಾನೆ ಎಂದು ಒಂದೊಂದನ್ನೇ ಕೇಳಿದರು. ಕೊನೆಗೆ ಕೇಳಿದರು:

"ನಾ ಹೆಬ್ಬಟ್ಟ ಒತ್ತಿದ ಕಾಗದ ಎಲ್ಲೈತ್ರಿ ಈಗ?"

"ಒಂದು ಪ್ರತಿ ಮುಂಬೈದಾಗ ಇಟ್ಕೊಂಡಾರ್ರಿ. ಇನ್ನೊಂದನ್ನ ವೀಸಾಕ್ಕ ಹಚ್ಚಿ ಅವನ ಕೈಯಾಗ ಕೊಟ್ಟಾರ. ಹಡಗ ಇಳಿಯೂ ಮುಂದ ಅಮೇರಿಕಾದವರ ಕೈಯಾಗ ಕೊಡಬೇಕು."

"ಅದರಾಗ ಶಾಂತೂನ ಹೆಸರ ಐತಲ್ರೀ?"

"ಐತ್ರಿ."

ಪದ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾದ್ರ ಇಬ್ಬರೂ ಕೂಡೇ ಹ್ವಾದ್ರು ಬಿಡ್ರಿ."